ನಿದ್ದೆ ಮಾತ್ರೆ ಮೈಯಿಂದ ಹೋಗಲು ಎಷ್ಟು ದಿನ? ಲೆಕ್ಕ ಹಾಕುವುದು ಹೀಗೆ

ಕೌಂಟರಿನಾಚೆ ನಿಂತವರು ದನಿ ತಗ್ಗಿಸಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಈ ಮಾತ್ರೆ ಮೈಯಿಂದ ಹೋಗೋಕೆ ಎಷ್ಟು ದಿನ ಬೇಕು?" ಕುಂದಾಪುರದಲ್ಲಿ ಮೆಡಿಕಲ್ ಶಾಪ್ ನಡೆಸಲು ತೊಡಗಿ ನನಗೆ 22 ವರ್ಷವಾಯಿತು. ಹಡಗಿನ ಕೆಲಸಕ್ಕೆ ಹೊರಟ ಹುಡುಗನಿಗೆ ಮೂತ್ರ ಪರೀಕ್ಷೆಯ ಚಿಂತೆ. ರಾತ್ರಿ ಬಸ್ಸು ಓಡಿಸುವವರಿಗೆ ಬೆಳಗಿನ ಮಂಪರಿನ ಚಿಂತೆ. ಹಾಲೂಡಿಸುವ ತಾಯಿಗೆ ಮಗುವಿನ ಚಿಂತೆ. ಎಲ್ಲರಿಗೂ "ಮೂರು ದಿನ" ಅಂತ ಹೇಳಿ ಕಳಿಸುವವರಿದ್ದಾರೆ. ಆ ಉತ್ತರ ಕೆಲವರಿಗೆ ಸರಿ, ಕೆಲವರಿಗೆ ಅಪಾಯ.

ಮೊದಲು ಮಾತ್ರೆಯ ನಿಜವಾದ ಹೆಸರು ಹುಡುಕಿ. ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣಕ್ಷರದಲ್ಲಿ ಇರುವುದು ಬೇಕು: ಅಲ್ಪ್ರಜೋಲಾಮ್, ಕ್ಲೋನಜೆಪಾಮ್, ಡಯಾಜೆಪಾಮ್, ಲೋರಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್. ನಮ್ಮ ಕಡೆ ಸ್ಟ್ರಿಪ್ಪನ್ನು ಕತ್ತರಿಯಿಂದ ತುಂಡು ಮಾಡಿ ನಾಲ್ಕು, ಆರು ಮಾತ್ರೆ ಕೊಡುವುದು ರೂಢಿ. ಮನೆಗೆ ಹೋದ ಮೇಲೆ ಆ ತುಂಡು ಸ್ಟೀಲ್ ಡಬ್ಬಿ ಸೇರುತ್ತದೆ. ಎರಡು ತಿಂಗಳು ಬಿಟ್ಟು ತೆಗೆದರೆ "...ಜೆಪಾಮ್ 0.5" ಅನ್ನುವಷ್ಟೇ ಉಳಿದಿರುತ್ತದೆ. ಹಾಗಾಗಿ ಕೊಂಡ ದಿನವೇ ಅಂಗಡಿಯವರಿಂದ ಹೆಸರು, ಪ್ರಮಾಣ, ದಿನಾಂಕ ಬರೆಸಿಕೊಳ್ಳಿ. ಅದು ನಿಮ್ಮ ಹಕ್ಕು, ಸಂಕೋಚ ಬೇಡ.

ಜೋಡಿ ಮಾತ್ರೆಗಳನ್ನು ಇನ್ನೂ ಎಚ್ಚರದಿಂದ ನೋಡಿ. ಹೊಟ್ಟೆ ನುಲಿತಕ್ಕೆ ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಸೇರಿರುತ್ತದೆ. ಬೆಂಜೋಡಯಾಜೆಪೀನ್ ಅನ್ನುವ ಬಳಗದ (ಜೋಲ್ಪಿಡೆಮ್ ಬಿಟ್ಟು ಮೇಲೆ ಹೇಳಿದವೆಲ್ಲ ಇದೇ ಬಳಗದವು), 1960ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಔಷಧ ಅದು. ಎದೆ ಹೊಡೆದುಕೊಳ್ಳುವುದಕ್ಕೆ ಕೊಡುವ ಪ್ರೊಪ್ರನೊಲಾಲ್ ಜೊತೆ ಅಲ್ಪ್ರಜೋಲಾಮ್ ಇರಬಹುದು. ನುಂಗುವವರು "ನಾನು ನಿದ್ದೆ ಮಾತ್ರೆ ಮುಟ್ಟಿಯೇ ಇಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಯಾರೂ ತಿಳಿಸಿಲ್ಲ.

ಹೆಸರು ಸಿಕ್ಕಿತೇ? ಈಗ ಲೆಕ್ಕ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯವನ್ನು ಹಾಫ್ ಲೈಫ್ ಅನ್ನುತ್ತಾರೆ. ಐದು ಸಲ ಅರ್ಧವಾದರೆ 100ರಲ್ಲಿ ಸುಮಾರು 3 ಪಾಲು ಉಳಿಯುತ್ತದೆ. ಜೋಲ್ಪಿಡೆಮ್‌ಗೆ ಇದು ಸುಮಾರು ಎರಡೂವರೆ ಗಂಟೆ, ಅಂದರೆ ಒಂದು ದಿನದೊಳಗೆ ರಕ್ತದಿಂದ ಬಹುಪಾಲು ಖಾಲಿ. ಅಲ್ಪ್ರಜೋಲಾಮ್‌ಗೆ 11-12 ಗಂಟೆ, ಲೋರಜೆಪಾಮ್‌ಗೆ 12-14. ಕ್ಲೋನಜೆಪಾಮ್‌ಗೆ 30ರಿಂದ 40. ಡಯಾಜೆಪಾಮ್‌ಗೆ ಎರಡು ದಿನದವರೆಗೂ ಬೇಕಾಗಬಹುದು. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಲಿವರ್ ಅದನ್ನು ಒಡೆದಾಗ ಹುಟ್ಟುವ ನಾರ್‌ಡಯಾಜೆಪಾಮ್ ಕೂಡ ಮಂಪರು ತರಿಸುತ್ತದೆ, ಅದು ಅರ್ಧವಾಗಲು 100 ಗಂಟೆಯೂ ಹಿಡಿದೀತು.

ದಿನಾ ನುಂಗುವವರ ಲೆಕ್ಕವೇ ಬೇರೆ. ಗಿರಾಕಿಗಳಿಗೆ ನಾನು ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸುತ್ತೇನೆ. ಕ್ಲೋನಜೆಪಾಮ್ 0.5 ಮಿಲಿಗ್ರಾಂ, ಹಾಫ್ ಲೈಫ್ 36 ಗಂಟೆ ಅಂತ ಇಟ್ಟುಕೊಳ್ಳಿ. ಮರುದಿನ ರಾತ್ರಿ ಅದೇ ಹೊತ್ತಿಗೆ 0.31 ಇನ್ನೂ ಒಳಗಿದೆ. ಅದರ ಮೇಲೆ ಹೊಸ ಮಾತ್ರೆ ಬಿತ್ತು, 0.81. ಮೂರನೇ ರಾತ್ರಿ 1 ಮಿಲಿಗ್ರಾಂ ದಾಟಿತು. ವಾರ ಕಳೆಯುವಷ್ಟರಲ್ಲಿ ಪ್ರತಿ ರಾತ್ರಿ ಮಾತ್ರೆ ನುಂಗಿದ ಮೇಲೆ 1.3ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ನೀವು ನುಂಗಿದ್ದು ದಿನಕ್ಕೊಂದೇ, ಮೈ ಹೊರುತ್ತಿರುವುದು ಹೆಚ್ಚುಕಡಿಮೆ ಮೂರರಷ್ಟು. ಕೊನೆಯ ಮಾತ್ರೆಯ ನಂತರ ಇದು ಇಳಿಯಲು ಏಳೆಂಟು ದಿನ ಬೇಕು.

ವಯಸ್ಸಾದವರ ವಿಷಯದಲ್ಲಿ ಈ ಅಂಕಿ ಇನ್ನೂ ಉದ್ದವಾಗುತ್ತದೆ. ಡಯಾಜೆಪಾಮ್‌ಗೆ ವೈದ್ಯರು ಹೇಳುವ ಒಂದು ಅಂದಾಜಿದೆ: ವಯಸ್ಸು ಎಷ್ಟೋ, ಹಾಫ್ ಲೈಫ್ ಸರಿಸುಮಾರು ಅಷ್ಟು ಗಂಟೆ. 20ರವರಿಗೆ 20 ಗಂಟೆಯಾದರೆ 75ರವರಿಗೆ ಮೂರು ದಿನ. ನನ್ನ ಅಮ್ಮನಿಗೆ ಆಗ 74. ಸೊಂಟ ಹಿಡಿದುಕೊಂಡಿದೆ ಅಂತ ರಾತ್ರಿಗೆ ಡಯಾಜೆಪಾಮ್ 5 ಮಿಲಿಗ್ರಾಂ ಶುರುವಾಯಿತು. ಗ್ಯಾಸಿಗೆಂದು ಬೆಳಿಗ್ಗೆ ಓಮಿಪ್ರಜೋಲ್ ಮೊದಲಿಂದಲೂ ಇತ್ತು. ಲಿವರಿನಲ್ಲಿ ಡಯಾಜೆಪಾಮ್ ಒಡೆಯುವ ಕೆಲಸವನ್ನು ಓಮಿಪ್ರಜೋಲ್ ನಿಧಾನಿಸುತ್ತದೆ. ಅದನ್ನು ಓದಿ ಪರೀಕ್ಷೆ ಪಾಸಾದವಳು ನಾನು. ಆರನೇ ದಿನ ಅಮ್ಮ ಮಾತಿನ ಮಧ್ಯೆ ಪದ ಹುಡುಕತೊಡಗಿದಳು. ದೋಸೆ ತಿನ್ನುತ್ತ ಕೈಯಲ್ಲಿ ತುಂಡು ಹಿಡಿದೇ ಜೊಂಪು ಹತ್ತುತ್ತಿತ್ತು. ಮೊದಲ ದಿನ ಹೀಗಾಗಿರಲಿಲ್ಲವಲ್ಲ, ವಯಸ್ಸಿನದ್ದು ಅಂದುಕೊಂಡೆ. ಒಂಬತ್ತನೇ ದಿನ ನಸುಕಿಗೆ ಬಚ್ಚಲಿಗೆ ಹೋಗುವಾಗ ಹೊಸಿಲು ಎಡವಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಮಾತ್ರೆ ನಿಲ್ಲಿಸಿದ ಮೇಲೂ ಅವಳ ಕಣ್ಣು ತಿಳಿಯಾಗಲು ಎರಡು ವಾರಕ್ಕಿಂತ ಹೆಚ್ಚು ಬೇಕಾಯಿತು. ಈಗ ಹಿರಿಯರಿಗೆ ಇಂಥ ಚೀಟಿ ಬಂದರೆ ಬೇರೆ ಯಾವ್ಯಾವ ಮಾತ್ರೆ ಇದೆ ಅಂತ ಪೂರಾ ಕೇಳದೆ ನಾನು ಕೊಡುವುದಿಲ್ಲ. ಸಂದೇಹ ಬಂದರೆ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡುತ್ತೇನೆ. ನೀವು ಮನೆಯಲ್ಲಿ ಗಮನಿಸಬೇಕಾದದ್ದು ಮೊದಲ ದಿನವನ್ನಲ್ಲ, ಐದನೇ ದಿನದಿಂದ ಮುಂದಿನದ್ದನ್ನು.

ಇನ್ನು ಪರೀಕ್ಷೆಯ ವಿಷಯ. ಮಂಪರು ಇಳಿಯುವುದು ಬೇರೆ, ಮೂತ್ರದಲ್ಲಿ ಗುರುತು ಅಳಿಯುವುದು ಬೇರೆ. ಅಲ್ಪ್ರಜೋಲಾಮ್‌ನಂಥವು ಮೂತ್ರದಲ್ಲಿ ಕೆಲವೇ ದಿನ ಕಾಣುತ್ತವೆ. ಡಯಾಜೆಪಾಮ್ ಹತ್ತು ದಿನದವರೆಗೆ, ತಿಂಗಳುಗಟ್ಟಲೆ ನುಂಗಿದವರಲ್ಲಿ ಒಂದು ತಿಂಗಳವರೆಗೂ ಸಿಗಬಹುದು. ಕೂದಲಿನ ಪರೀಕ್ಷೆಯಾದರೆ ಬುಡದ 3 ಸೆಂಟಿಮೀಟರಿನಲ್ಲಿ ಸುಮಾರು ಮೂರು ತಿಂಗಳ ಕಥೆ ಇರುತ್ತದೆ. ಮೊದಲ ಹಂತದ ಕಿಟ್ ಪರೀಕ್ಷೆ ತಪ್ಪುವುದೂ ಉಂಟು. ಲೋರಜೆಪಾಮ್, ಕ್ಲೋನಜೆಪಾಮ್ ಎಷ್ಟೋ ಸಲ ಅದರ ಕಣ್ಣಿಗೆ ಬೀಳುವುದಿಲ್ಲ. ಖಿನ್ನತೆಗೆ ಕೊಡುವ ಸರ್ಟ್ರಲಿನ್ ಈ ಬಳಗದ ಔಷಧದಂತೆ ಕಾಣಿಸಿಕೊಂಡದ್ದೂ ಇದೆ. ಫಲಿತಾಂಶ ಪಾಸಿಟಿವ್ ಬಂದು ನಿಮಗೆ ಅನ್ಯಾಯ ಅನ್ನಿಸಿದರೆ ಔಷಧ ಯಾವುದೆಂದು ನಿಖರವಾಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯ ದೃಢೀಕರಣ ಪರೀಕ್ಷೆ ಕೇಳಿ. ಮಜ್ಜಿಗೆ, ನಿಂಬೆರಸ, ಎಳನೀರು ಕುಡಿದರೆ ತೊಳೆದು ಹೋಗುತ್ತದೆ ಅನ್ನುವುದು ಸುಳ್ಳು. ಈ ಔಷಧ ಕೊಬ್ಬಿನಲ್ಲಿ ಅಡಗಿ ಲಿವರಿನ ವೇಗದಲ್ಲೇ ಹೊರಬರುತ್ತದೆ.

ಚೀಟಿ ಇದ್ದವರು ಅಡಗಿಸಬೇಕಾದ್ದೇನೂ ಇಲ್ಲ. ಮಾದರಿ ಕೊಡುವ ಮುಂಚೆಯೇ ಚೀಟಿ ತೋರಿಸಿ, ಫಾರ್ಮಿನಲ್ಲಿ ಔಷಧದ ಹೆಸರು ಬರೆಯಿರಿ. 2014ರ ಮಾರ್ಚ್‌ನಿಂದ ಅಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಮುಂತಾದವು ಎಚ್1 ಅನ್ನುವ, ಬಿಗಿ ನಿಯಮದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿವೆ. ಮಾರಿದವರು ರೋಗಿಯ ಮತ್ತು ಡಾಕ್ಟರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಕಳೆದುಹೋದರೆ ಆ ರಿಜಿಸ್ಟರ್ ನಿಮ್ಮ ಸಾಕ್ಷಿ. ಯುಎಇಗೆ ಹೋಗುವವರು ಇಂಥ ಔಷಧ ಒಯ್ಯಲು ಅಲ್ಲಿನ ಸರ್ಕಾರದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ನಮ್ಮೂರಿನವರು ಇದನ್ನು ಮರೆತು ಉಪ್ಪಿನಕಾಯಿ ಭರಣಿಯ ಪಕ್ಕ ಮಾತ್ರೆ ತುರುಕಿ ಹೊರಡುತ್ತಾರೆ, ನನಗೆ ಎದೆ ಝಲ್ಲೆನ್ನುತ್ತದೆ.

ಗಾಡಿ ಓಡಿಸುವ ಹೆಂಗಸರಿಗೆ ಒಂದು ಮಾತು. ಜೋಲ್ಪಿಡೆಮ್ ಹೆಂಗಸರ ಮೈಯಿಂದ ನಿಧಾನವಾಗಿ ಹೋಗುತ್ತದೆ ಅಂತ ಗೊತ್ತಾಗಿ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೆಂಗಸರ ಡೋಸನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿತು. ರಾತ್ರಿ ಒಂದಕ್ಕೆ ನುಂಗಿ ಆರಕ್ಕೆ ಸ್ಕೂಟಿ ಹತ್ತಬೇಡಿ. ಹಾಲೂಡಿಸುವವರು ಡಾಕ್ಟರಿಗೆ ಹೇಳಿ ಮೈಯಿಂದ ಬೇಗ ಹೋಗುವ ಔಷಧ ಕೇಳಿ. ಆಪರೇಷನ್ ಇದ್ದರೆ ವಾರದ ಹಿಂದೆ ನಿಲ್ಲಿಸಿದ್ದನ್ನೂ ಅರಿವಳಿಕೆಯ ಡಾಕ್ಟರಿಗೆ ತಿಳಿಸಿ. ಕುಡಿತದ ಜೊತೆ ಇದು ಉಸಿರನ್ನೇ ನಿಲ್ಲಿಸಬಲ್ಲದು. ನಿನ್ನೆಯ ಮಾತ್ರೆ ಒಳಗಿರುವಾಗ ಇವತ್ತಿನ ಪೆಗ್ ಕೂಡ ಲೆಕ್ಕಕ್ಕೆ ಬರುತ್ತದೆ.

ಹಡಗಿನ ಹುಡುಗ ಎಂಟು ತಿಂಗಳಿಂದ ಅಲ್ಪ್ರಜೋಲಾಮ್ ನುಂಗುತ್ತಿದ್ದ. "ಪರೀಕ್ಷೆಗೆ ಹತ್ತು ದಿನ ಇದೆ, ಇವತ್ತೇ ಬಿಟ್ಟುಬಿಡ್ತೇನೆ" ಅಂದ. ಬೇಡ ಅಂತ ಅವನ ಕೈ ಹಿಡಿದು ಕೂರಿಸಿದೆ. ಬಹುಕಾಲ ನುಂಗಿದ್ದನ್ನು ಒಮ್ಮೆಲೇ ಬಿಟ್ಟರೆ ನಿದ್ದೆ ಹಾರಿ, ಕೈ ನಡುಗಿ, ಫಿಟ್ಸ್ ಕೂಡ ಬರಬಹುದು. ಮೈಯಿಂದ ಬೇಗ ಹೋಗುವ ಅಲ್ಪ್ರಜೋಲಾಮ್‌ನಲ್ಲಿ ಅದು ಒಂದೆರಡು ದಿನದಲ್ಲೇ ಶುರುವಾಗುತ್ತದೆ. ಡಾಕ್ಟರು ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿದು ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆ ಹುಡುಗ ತನ್ನ ಡಾಕ್ಟರರಿಂದ ಪತ್ರ ಬರೆಸಿಕೊಂಡು, ಪರೀಕ್ಷೆಯ ದಿನ ಅದನ್ನು ಮೇಜಿನ ಮೇಲಿಟ್ಟೇ ಮಾದರಿ ಕೊಟ್ಟ. ಕೆಲಸ ಆ ಸಲ ಕೈಗೂಡಲಿಲ್ಲ. ಐದು ತಿಂಗಳು ಕಾಲು ಮಾತ್ರೆ, ಕಾಲು ಮಾತ್ರೆ ಅಂತ ಇಳಿಸುತ್ತ ಬಂದ. ಮಾತ್ರೆ ಕತ್ತರಿಸುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ನಾನೇ ತರಿಸಿಕೊಟ್ಟಿದ್ದೆ. ಮುಂದಿನ ಮಳೆಗಾಲ ಮುಗಿದ ಮೇಲೆ ಬಂದು ಅದನ್ನು ಕೌಂಟರಿನ ಮೇಲಿಟ್ಟು, "ಬೇರೆ ಯಾರಿಗಾದರೂ ಬೇಕಾದೀತು ಅಕ್ಕ" ಅಂದ.