ಮಾತು ಕಮ್ಮಿ ಮಾಡಿದವರನ್ನು ಮಾತಿಗೆ ಕೂರಿಸುವುದು ಹೇಗೆ?

ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ವರ್ಷಗಟ್ಟಲೆ ಇದ್ದವರು ಮೂಲೆ ಸೇರಿ ಕೂತರೆ ಮನೆಯವರು ‘ಸೋಮಾರಿತನ’, ‘ಕೊಬ್ಬು’ ಅಂದುಬಿಡುತ್ತಾರೆ. ಮಾತು ಕಮ್ಮಿಯಾಗುವುದು ಆ ಕಾಯಿಲೆಯದೇ ಲಕ್ಷಣ. ಮಾತ್ರೆಯಿಂದ ಮಂಪರು, ಬಾಯಿ ಒಣಗುವುದೂ ಇರುತ್ತೆ. ಹಾಗಾಗಿ ಮೊದಲು ಹೊತ್ತು ನೋಡಿಕೊಳ್ಳಿ. ರಾತ್ರಿ ಮಾತ್ರೆ ತಗೊಂಡವರನ್ನು ಬೆಳಗ್ಗೆ ಎಬ್ಬಿಸಿ ಮಾತಾಡಿಸಿದರೆ ‘ಹೂಂ’ ಬಿಟ್ಟು ಬೇರೇನೂ ಬರಲ್ಲ, ಸಂಜೆ ಕಾಫಿ ಹೊತ್ತು ವಾಸಿ.

ಎದುರಿಗೆ ಕೂರಬೇಡಿ, ಇಂಟರ್‌ವ್ಯೂ ಥರ ಆಗುತ್ತೆ. ಪಕ್ಕದಲ್ಲಿ ಕೂತು ಇಬ್ಬರ ಕೈಗೂ ಕೆಲಸ ಇಟ್ಟುಕೊಳ್ಳಿ. ಅವರೆಕಾಯಿ ಸುಲಿಯುತ್ತಾ ‘ಇದರಲ್ಲಿ ಹುಳ ಇದೆ ನೋಡು’ ಅಂದರೂ ಮಾತೇ. ಆಮೇಲೆ ‘ಸಾರಿಗಾ, ಉಪ್ಪಿಟ್ಟಿಗಾ?’ ಅಂತ ಎರಡರಲ್ಲಿ ಒಂದು ಆರಿಸುವ ಪ್ರಶ್ನೆ ಕೇಳಿ. ಕೇಳಿದ ಮೇಲೆ ಸುಮ್ನಿರಿ, ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಎಲ್ಲರೂ ಎಡವುವುದು ಇಲ್ಲೇ: ಅವರು ಬಾಯಿ ತೆರೆಯುವಷ್ಟರಲ್ಲಿ ಅಮ್ಮನೋ ಅಕ್ಕನೋ ‘ಅವನಿಗೆ ಸಾರೇ ಇಷ್ಟ’ ಅಂತ ಉತ್ತರ ಕೊಟ್ಟಾಗಿರುತ್ತೆ. ‘ಮಾತ್ರೆ ನುಂಗಿದ್ಯಾ?’ ಅನ್ನೋದನ್ನೂ ಈ ಹೊತ್ತಲ್ಲಿ ತರಬೇಡಿ, ಅದಕ್ಕೆ ಬೇರೆ ಹೊತ್ತಿದೆ.

‘ಪಕ್ಕದ ಮನೆಯವರು ನನ್ನ ಬಗ್ಗೆಯೇ ಮಾತಾಡ್ತಿದ್ದಾರೆ’ ಅಂದರೆ ವಾದಕ್ಕಿಳಿಯಬೇಡಿ, ಹೌದು ಅಂತಲೂ ಅನ್ನಬೇಡಿ. ‘ನನಗೆ ಕೇಳಿಸ್ತಿಲ್ಲ, ಆದ್ರೆ ನಿನಗೆ ಭಯ ಆಗ್ತಿರಬೇಕು ಅಲ್ವಾ?’ ಅನ್ನಿ.

ಮನೆಯಲ್ಲಿ ಸ್ವಲ್ಪ ರೂಢಿಯಾದ ಮೇಲೆ ಗುಂಪಿನಲ್ಲಿ ಮಾತಿಗೆ ಕೂರಿಸಿ. ಐದಾರು ಜನ, ಅರ್ಧ ಗಂಟೆ ಸಾಕು. ನಡುವೆ ಒಂದು ಪೇಪರ್ ಇರಲಿ. ಟೊಮೆಟೊ ರೇಟು, ಮಳೆ, ನಿನ್ನೆಯ ಮ್ಯಾಚು, ಯಾವುದಾದರೂ ಸರಿ, ಕಾಯಿಲೆ ವಿಷಯ ಅವರಾಗೇ ಎತ್ತಿದರೆ ಮಾತ್ರ. ಟೀ ಹಂಚುವ ಕೆಲಸ ಒಪ್ಪಿಕೊಂಡರೆ ಅತಿ ಕಮ್ಮಿ ಮಾತಾಡುವವರಿಗೇ ಕೊಡಿ. ‘ಸಕ್ಕರೆ ಹಾಕ್ಲಾ?’ ಅಂತ ಪ್ರತಿಯೊಬ್ಬರನ್ನೂ ಕೇಳಲೇಬೇಕಲ್ಲ! ನನ್ನ ಪ್ರಕಾರ ‘ಎಲ್ಲರೂ ನಿಮ್ಮ ಪರಿಚಯ ಹೇಳಿ’ ಅನ್ನೋ ಶಾಲೆ ಪದ್ಧತಿಗಿಂತ ಇದು ಎಷ್ಟೋ ಮೇಲು. ಸುಮ್ನೆ ಕೂತು ಎದ್ದು ಹೋದರೂ ಬಂದರಲ್ಲ, ಬಿಡಿ.

ಬೆಂಗಳೂರಿನ ನಿಮ್ಹಾನ್ಸ್ ಪುನರ್ವಸತಿ ವಿಭಾಗದಲ್ಲಿ ಬೇಕರಿಯಂಥ ಕೆಲಸಗಳ ಜೊತೆಗೇ ಇಂಥ ಒಡನಾಟ ನಡೆಯುತ್ತೆ. ಹಲವು ಜಿಲ್ಲೆಗಳಲ್ಲಿ ಸರ್ಕಾರದ ಮಾನಸಧಾರ ಹಗಲು ಆರೈಕೆ ಕೇಂದ್ರಗಳಿವೆ, ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ವಿಚಾರಿಸಿ.

ಚೆನ್ನಾಗಿ ಮಾತಾಡುತ್ತಿದ್ದವರು ದಿಢೀರನೆ ಮಾತು ನಿಲ್ಲಿಸಿದರೆ, ಊಟ ನಿದ್ದೆ ಬಿಟ್ಟರೆ ಇದ್ಯಾವುದೂ ಬೇಡ, ಆವತ್ತೇ ಡಾಕ್ಟರಿಗೆ ತೋರಿಸಿ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.