ಬೋರ್ಡೋ ಬ್ಯಾರಲ್‌ನಿಂದ ಅಯಾನು ಸಮೀಕರಣಕ್ಕೆ

ತೀರ್ಥಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಪ್ರಕ್ಷೇಪನ ಕ್ರಿಯೆಗೆ, ಅಂದರೆ ಎರಡು ದ್ರಾವಣ ಬೆರೆತಾಗ ಕರಗದ ವಸ್ತು ಹುಟ್ಟಿ ತಳಕ್ಕೆ ಕೂರುವುದಕ್ಕೆ, ಹತ್ತನೇ ತರಗತಿ ಪುಸ್ತಕದಲ್ಲಿರುವ ಉದಾಹರಣೆ ಬೇರಿಯಂ ಕ್ಲೋರೈಡ್ ಮತ್ತು ಸೋಡಿಯಂ ಸಲ್ಫೇಟ್. ನಾನು ಶುರು ಮಾಡುವುದು ಅಡಿಕೆ ತೋಟದ ಔಷಧಿಯಾದ ಬೋರ್ಡೋ ದ್ರಾವಣದಿಂದ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದನ್ನು ನಮ್ಮ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು ಅನ್ನೋ ಲೆಕ್ಕ ಬಾಯಲ್ಲೇ ಇರುತ್ತದೆ.

ಒಂದು ಲೋಟದಲ್ಲಿ ಸೋಸಿದ ಸುಣ್ಣದ ತಿಳಿ ಇಡುತ್ತೇನೆ, ಇನ್ನೊಂದರಲ್ಲಿ ಮೈಲುತುತ್ತದ ನೀಲಿ ನೀರು. ಬೆರೆಸುವ ಮೊದಲೇ ಪ್ರತಿ ಲೋಟದಲ್ಲಿ ಏನೇನು ತೇಲುತ್ತಿದೆ ಅಂತ ಬೋರ್ಡ್ ಮೇಲೆ ಬರೆಸುತ್ತೇನೆ. ಒಂದರಲ್ಲಿ ಕ್ಯಾಲ್ಸಿಯಂ, ಹೈಡ್ರಾಕ್ಸೈಡ್ ಅಯಾನುಗಳು, ಅಂದರೆ ಚಾರ್ಜ್ ಇರುವ ಕಣಗಳು. ಇನ್ನೊಂದರಲ್ಲಿ ತಾಮ್ರ, ಸಲ್ಫೇಟ್. ಈ ಪಟ್ಟಿ ಇಲ್ಲದೆ ಸಮೀಕರಣ ಬರೆಯಲು ನಾನು ಬಿಡುವುದಿಲ್ಲ. ಆಮೇಲೆ ನೀಲಿ ನೀರನ್ನು ಸುಣ್ಣದ ತಿಳಿಗೆ ನಾಲ್ಕೈದು ಹನಿ ಹಾಕುತ್ತೇನೆ. ತೋಟದಲ್ಲೂ ತುತ್ತದ ನೀರನ್ನೇ ಸುಣ್ಣಕ್ಕೆ ಸುರಿಯುವುದು, ಅಲ್ವಾ? ಬಿದ್ದ ಜಾಗದಲ್ಲೇ ತಿಳಿನೀಲಿ ಲೋಳೆಯಂಥದ್ದು ಹುಟ್ಟಿ, ಎಳೆ ಎಳೆಯಾಗಿ ಕೆಳಗಿಳಿಯುತ್ತದೆ. ಮೇಲಿನ ನೀರಿಗೆ ಬಣ್ಣವೇ ಇರಲ್ಲ. ತಾಮ್ರ ಎಲ್ಲಿ ಹೋಯಿತು ಅಂತ ಕೇಳುವ ಅಗತ್ಯವೇ ಬೀಳುವುದಿಲ್ಲ. ಕ್ಯಾಲ್ಸಿಯಂ, ಸಲ್ಫೇಟ್ ಎರಡೂ ಮೊದಲಿನಂತೆ ನೀರಲ್ಲೇ ಇವೆ, ಅವನ್ನು ಹೊಡೆದು ಹಾಕಿದರೆ ಉಳಿಯುವುದು ಇಷ್ಟೇ:

ತಾಮ್ರದ ಅಯಾನು + 2 ಹೈಡ್ರಾಕ್ಸೈಡ್ ಅಯಾನು → ತಾಮ್ರದ ಹೈಡ್ರಾಕ್ಸೈಡ್

ಬಲಗಡೆಯದನ್ನು ಮತ್ತೆ ಅಯಾನು ಮಾಡಿ ಒಡೆಯುವ ಮಕ್ಕಳು ಜಾಸ್ತಿ. ಲೋಟದ ತಳ ತೋರಿಸುತ್ತೇನೆ. ಕರಗದೆ ಕೂತದ್ದನ್ನು ಇಡಿಯಾಗಿಯೇ ಬರೆಯಬೇಕು.

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದರ ನಂತರದ್ದು. ತೋಟದಲ್ಲಿ ಔಷಧಿ ಬೆರೆಸುವ ಬ್ಯಾರಲ್‌ನಲ್ಲೂ ಇದೇ ಸಮೀಕರಣವಾ? ಅಲ್ಲ. ಅಲ್ಲಿ ಲೀಟರ್‌ಗೆ 10 ಗ್ರಾಂ ಮೈಲುತುತ್ತ ಇರುತ್ತದೆ. ಅದರಿಂದ ಹುಟ್ಟುವ ಕ್ಯಾಲ್ಸಿಯಂ ಸಲ್ಫೇಟ್ ಪೂರ್ತಿ ಕರಗಲ್ಲ, ಯಾಕೆಂದರೆ ಒಂದು ಲೀಟರ್ ನೀರು ಹಿಡಿದುಕೊಳ್ಳುವುದು ಸುಮಾರು 2 ಗ್ರಾಂ ಮಾತ್ರ. ಉಳಿದದ್ದು ಜಿಪ್ಸಮ್ ಆಗಿ ಕೂರುತ್ತದೆ. ಅಲ್ಲಿ ಬಳಸುವ, ಸೋಸಿ ತಿಳಿ ಮಾಡದ ಸುಣ್ಣದ ಹಾಲಿನಲ್ಲೂ ಬಹುಪಾಲು ಸುಣ್ಣ ಕರಗದೆ ಪುಡಿಯಾಗಿಯೇ ಇರುತ್ತದೆ. ಲೋಟದಲ್ಲಿ ಸುಮ್ನೆ ನೋಡುತ್ತಾ ನಿಂತವರು ಬ್ಯಾರಲ್‌ನಲ್ಲಿ ಕೆಲಸಕ್ಕೆ ಇಳಿದಿದ್ದಾರೆ! ಹಾಗಾಗಿ ಪ್ರೇಕ್ಷಕ ಅಯಾನು (ಕ್ರಿಯೆಯಲ್ಲಿ ಸೇರದೆ ನೀರಲ್ಲೇ ಉಳಿಯುವ ಅಯಾನು) ಯಾವುದು ಅಂತ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಎಷ್ಟು ಕರಗುತ್ತದೆ ಅನ್ನುವುದನ್ನು ನೋಡಿಯೇ ಹೇಳಬೇಕು.

ಔಷಧಿ ಸರಿಯಾಗಿದೆಯಾ ಅಂತ ತೋಟದಲ್ಲಿ ಉಜ್ಜಿದ ಕತ್ತಿ ಅದ್ದಿ ನೋಡುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ತಾಮ್ರದ ಅಯಾನು ಇನ್ನೂ ನೀರಲ್ಲಿ ಉಳಿದಿದೆ ಅಂತ, ಇನ್ನಷ್ಟು ಸುಣ್ಣ ಹಾಕುತ್ತಾರೆ. ಈ ಸಮೀಕರಣವನ್ನು ಮಕ್ಕಳಿಗೇ ಬಿಡುತ್ತೇನೆ:

ಕಬ್ಬಿಣ + ತಾಮ್ರದ ಅಯಾನು → ಕಬ್ಬಿಣದ ಅಯಾನು + ತಾಮ್ರ

ಇದು ಪ್ರಕ್ಷೇಪನ ಅಲ್ಲ, ಒಂದು ಲೋಹ ಇನ್ನೊಂದರ ಜಾಗ ಹಿಡಿಯುವ ಸ್ಥಾನಪಲ್ಲಟ. ಆದರೂ ಸಲ್ಫೇಟನ್ನು ಹೊಡೆದು ಹಾಕಿ, ಎರಡೂ ಕಡೆ ಚಾರ್ಜ್ +2 ಇದೆಯಾ ಅಂತ ಅವರೇ ಕೂಡಿಸಿ ನೋಡುತ್ತಾರೆ.