ಅಲಸಂದೆ ಬೇರಿನ ಗಂಟು ಮತ್ತು ನನ್ನ ಥರ್ಮಾಕೋಲ್ ಪೆಟ್ಟಿಗೆ

ಅಲಸಂದೆ ಗಿಡವನ್ನು ಬೇರು ಸಮೇತ ಕಿತ್ತು, ಬೇರಿಗಂಟಿದ ಗಂಟೊಂದನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಳಗಕ್ಕೇ ಸೇರಿದ ಲೆಗ್‌ಹಿಮೋಗ್ಲೋಬಿನ್‌ನ ಬಣ್ಣ ಅದು. ಅದರೊಳಗೆ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾವನ್ನು ಮನೆಯಲ್ಲೇ ಬೆಳೆಸಿ ನೋಡಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು. ಅದಕ್ಕೆ ಎರಡು ವಸ್ತು ಬೇಕು: ಬೇರೆಲ್ಲ ಜೀವಿಗಳನ್ನೂ ಕೊಲ್ಲುವಂಥ ಬಿಸಿ, ವಾರಗಟ್ಟಲೆ 28 ಡಿಗ್ರಿಯಲ್ಲಿ ನಿಲ್ಲುವ ಪೆಟ್ಟಿಗೆ. ಅಂಗಡಿಯ ಆಟೋಕ್ಲೇವ್, ಇನ್‌ಕ್ಯುಬೇಟರ್‌ಗಳ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ.

ಬಿಸಿಗೆ ಪ್ರೆಶರ್ ಕುಕ್ಕರ್ ಸಾಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ವಿಷಲ್ ಹೊಡೆಯುವ ಕುಕ್ಕರ್‌ನಲ್ಲಿ ಅದು 120ರ ಆಸುಪಾಸಿಗೆ ಏರುತ್ತದೆ. ಆದರೆ ನನ್ನ ಕುಕ್ಕರ್ ನಿಜಕ್ಕೂ ಅಷ್ಟು ಬಿಸಿಯಾಗುತ್ತದೆಯೇ ಎಂದು ತಿಳಿಯುವುದು ಹೇಗೆ? ಒಣಹುಲ್ಲಿನಲ್ಲಿ ಕುದಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳಿರುತ್ತವೆ. 1870ರ ದಶಕದಲ್ಲಿ ವಿಜ್ಞಾನಿ ಜಾನ್ ಟಿಂಡಾಲ್‌ರನ್ನು ಕಾಡಿದ್ದೂ ಅವೇ. ಎರಡು ಬಾಟಲಿಗಳಲ್ಲಿ ಆಲೂಗಡ್ಡೆ ಬೇಯಿಸಿದ ನೀರು ತುಂಬಿ, ಒಂದೊಂದು ಚಿಟಿಕೆ ಹುಲ್ಲು ಹಾಕಿದೆ. ಒಂದನ್ನು ಬರೀ ಕುದಿಸಿದೆ, ಇನ್ನೊಂದನ್ನು ಕುಕ್ಕರ್‌ನಲ್ಲಿ ಇಪ್ಪತ್ತು ನಿಮಿಷ ಇಟ್ಟೆ. ಕುದಿಸಿದ್ದು ಎರಡು ದಿನದಲ್ಲಿ ಕದಡಿಹೋಯಿತು. ಕುಕ್ಕರ್‌ನದು ಹತ್ತು ದಿನವಾದರೂ ತಿಳಿಯಾಗಿಯೇ ಇತ್ತು. ಅಲ್ಲಿಂದಾಚೆಗೆ ಆ ಕುಕ್ಕರ್‌ ಮೇಲೆ ನನಗೆ ನಂಬಿಕೆ ಬಂತು. (ಅದರಲ್ಲಿ ಮತ್ತೆ ಅಡುಗೆ ಮಾಡಿಲ್ಲ, ಮಾಡಲೂಬಾರದು.) ಬಾಟಲಿಗಳನ್ನು ಅರ್ಧ ಮಾತ್ರ ತುಂಬಿ, ಮುಚ್ಚಳ ಸಡಿಲ ಬಿಡಬೇಕು. ಕುಕ್ಕರ್ ತಾನಾಗಿಯೇ ಆರುವವರೆಗೆ ಕಾಯಬೇಕು. ಒಮ್ಮೆ ಆತುರದಿಂದ ವೆಯ್ಟ್ ಎತ್ತಿದೆ. ಒತ್ತಡ ಕುಸಿದು, ಬಾಟಲಿಯೊಳಗಿನ ಅಗರ್ (ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಜೆಲ್ಲಿ) ಉಕ್ಕಿ ಚೆಲ್ಲಿ ಒಂದು ದಿನದ ಕೆಲಸ ಹಾಳಾಯಿತು.

ಪೆಟ್ಟಿಗೆಗೆ ಹೆಚ್ಚು ದಿನ ಹಿಡಿಯಿತು. ಔಷಧಿ ಅಂಗಡಿಯವರು ಎಸೆಯಲಿಟ್ಟಿದ್ದ ಥರ್ಮಾಕೋಲ್ ಡಬ್ಬ, ಎಸ್.ಪಿ. ರಸ್ತೆಯಿಂದ ತಂದ ಡಬ್ಲ್ಯು1209 ಥರ್ಮೋಸ್ಟಾಟ್ ಬೋರ್ಡು, 12 ವೋಲ್ಟ್ ಅಡಾಪ್ಟರ್, ಬೈಕಿನ ಇಂಡಿಕೇಟರ್‌ಗೆ ಹಾಕುವ 10 ವ್ಯಾಟಿನ ಎರಡು ಬಲ್ಬು. ಮನೆಯ 230 ವೋಲ್ಟ್ ಕರೆಂಟನ್ನು ತೇವವಿರುವ ಡಬ್ಬದೊಳಗೆ ತರಬಾರದೆಂದೇ ಬೈಕಿನ ಬಲ್ಬು ಆರಿಸಿದ್ದು. ಸೆನ್ಸರ್ ಪಕ್ಕ 28 ತೋರಿಸುತ್ತಿದ್ದಾಗ ಥರ್ಮಾಮೀಟರನ್ನು ಮೂಲೆಮೂಲೆಗೂ ಇಟ್ಟು ನೋಡಿದೆ. ಮೇಲೆ 33, ತಳದಲ್ಲಿ 26! ಹಳೆಯ ಕಂಪ್ಯೂಟರ್‌ನ ಫ್ಯಾನೊಂದನ್ನು ಕೂರಿಸಿದ ಮೇಲೆ ಆ ಅಂತರ ಒಂದು ಡಿಗ್ರಿಗಿಂತ ಕಡಿಮೆಯಾಯಿತು. ಸೆನ್ಸರನ್ನು ಕರಗುತ್ತಿರುವ ಐಸ್ ನೀರಿನಲ್ಲಿ ಅದ್ದಿ ಸೊನ್ನೆ ತೋರಿಸುತ್ತದೆಯೇ ಎಂದೂ ನೋಡಿದೆ. ತೋರಿಸದಿದ್ದರೆ ಬೋರ್ಡಿನ ಪಿ4 ಸೆಟ್ಟಿಂಗ್‌ನಲ್ಲಿ ಆ ತಪ್ಪನ್ನು ಸರಿಪಡಿಸಬಹುದು. ಕೊನೆಗೆ ನೀರು ತುಂಬಿದ ಎರಡು ಲೀಟರ್ ಬಾಟಲಿಗಳನ್ನು ಒಳಗಿಟ್ಟೆ. ಈಗ ಗಂಟೆ ಹೊತ್ತು ಕರೆಂಟ್ ಹೋದರೂ ಒಂದೆರಡು ಡಿಗ್ರಿಯಷ್ಟೇ ಇಳಿಯುತ್ತದೆ. ಬಿಸಿ ಮಾಡಲು ಮಾತ್ರ ಬಲ್ಲ ಈ ಪೆಟ್ಟಿಗೆ ಏಪ್ರಿಲ್–ಮೇನಲ್ಲಿ ನಿರುಪಯೋಗಿ. ಆ ಎರಡು ತಿಂಗಳು ಕೆಲಸ ನಿಲ್ಲಿಸುತ್ತೇನೆ. ಇದನ್ನು 37ಕ್ಕೆ ಏರಿಸುವ ಆಸೆಯನ್ನು ಯಾರೂ ಇಟ್ಟುಕೊಳ್ಳಬೇಡಿ. ಅದು ನಮ್ಮ ಮೈಯ ಉಷ್ಣತೆ. ನಮ್ಮ ಮೈಗೆ ಒಗ್ಗಿದ ರೋಗಾಣುಗಳಿಗೆ ಅಲ್ಲಿ ಹಬ್ಬ.

ಕೈಹಾಕಿ ಕೆಲಸ ಮಾಡಲು ಎರಡು ತೂತು ಕೊರೆದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಸಾಕಾಯಿತು. ಗಾಳಿ ಅಲುಗದಿದ್ದರೆ ಧೂಳು ಕೆಳಗೆ ಕೂರುತ್ತದೆ. ಒಳಗನ್ನು 70 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸುತ್ತೇನೆ. ಹಾಗಾಗಿ ಅದರೊಳಗೆ ಸ್ಪಿರಿಟ್ ದೀಪ ಹಚ್ಚುವಂತಿಲ್ಲ. ಸೂಜಿ ಕಾಯಿಸುವುದು ಡಬ್ಬದಿಂದ ದೂರ, ಇನ್ನೊಂದು ಮೇಜಿನ ಮೇಲೆ.

ಇಷ್ಟೆಲ್ಲ ಆದಮೇಲೂ ಅಲಸಂದೆ ಕೈಕೊಟ್ಟಿತು. ಗಂಟನ್ನು ಮೊದಲು ಆಲ್ಕೋಹಾಲಿನಲ್ಲಿ, ಆಮೇಲೆ ಬೇರೆಯಾಗಿ ಬ್ಲೀಚ್ ನೀರಿನಲ್ಲಿ ತೊಳೆದು, ಕುಕ್ಕರ್‌ನಲ್ಲಿ ಇಟ್ಟ ನೀರಿನಲ್ಲಿ ಐದಾರು ಸಲ ಜಾಲಿಸಿ, ಜಜ್ಜಿ, ಆ ರಸವನ್ನು ಸೂಜಿಯಿಂದ ಅಗರ್ ತಟ್ಟೆಯ ಮೇಲೆ ಗೆರೆಯಾಗಿ ಎಳೆದಿದ್ದೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಇಟ್ಟ ಊಟ: ಕಿರಾಣಿ ಅಂಗಡಿಯ ಚೀನಾ ಗ್ರಾಸ್ (ಅಗರ್ ಎಂದರೆ ಅದೇ), ಸ್ವಲ್ಪ ಯೀಸ್ಟ್ ಸಾರ, ಲವಣಗಳು, ಸಿಹಿಗೆ ಮನೆಯ ಸಕ್ಕರೆ. ಕುಂಡದಲ್ಲಿ ಬೆಳೆದ ಮೆಂತ್ಯದ ಗಂಟಿನಿಂದ ಮೂರೇ ದಿನಕ್ಕೆ ಹನಿಹನಿಯಂತೆ ಬ್ಯಾಕ್ಟೀರಿಯಾದ ವಸಾಹತುಗಳು ಎದ್ದವು. ಅಲಸಂದೆಯ ತಟ್ಟೆ ಖಾಲಿ. ಪೆಟ್ಟಿಗೆಯದೇ ದೋಷವೆಂದುಕೊಂಡು ಎರಡು ಬಾರಿ ಬಿಚ್ಚಿ ಜೋಡಿಸಿದೆ. ದೋಷವಿದ್ದದ್ದು ಊಟದಲ್ಲಿ. ಮೆಂತ್ಯದ ಗಂಟಿನ ಬ್ಯಾಕ್ಟೀರಿಯಾ ಬೇಗ ಬೆಳೆಯುವ ಜಾತಿ, ಸಕ್ಕರೆಯನ್ನು ಅರಗಿಸಿಕೊಳ್ಳುತ್ತದೆ. ಅಲಸಂದೆಯದು ಹೆಚ್ಚಾಗಿ ಬ್ರಾಡಿರೈಜೋಬಿಯಂ. ನಿಧಾನವಾಗಿ ಬೆಳೆಯುತ್ತದೆ, ಸುಕ್ರೋಸ್ ಅದಕ್ಕೆ ಸಾಮಾನ್ಯವಾಗಿ ದಕ್ಕುವುದಿಲ್ಲ. ಸಕ್ಕರೆಯ ಬದಲು ಲೀಟರಿಗೆ 10 ಗ್ರಾಂ ಮ್ಯಾನಿಟಾಲ್ (ಇನ್ನೊಂದು ಬಗೆಯ ಸಿಹಿ ವಸ್ತು) ಹಾಕಿ ಮತ್ತೆ ಗೆರೆ ಎಳೆದೆ. ಗೆರೆ ಎಳೆಯದ ಒಂದು ತಟ್ಟೆಯನ್ನೂ ಜತೆಗಿಟ್ಟೆ. ಆರನೆಯ ದಿನ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಕಂಡವು. ಖಾಲಿ ತಟ್ಟೆ ಖಾಲಿಯಾಗಿಯೇ ಇತ್ತು.

ಚುಕ್ಕೆ ಕಂಡರೂ ಅದು ಗಂಟಿನ ಬ್ಯಾಕ್ಟೀರಿಯಾವೇ ಎಂದು ಹೇಳುವಂತಿರಲಿಲ್ಲ. ತೊಳೆದ ಮರಳನ್ನು ಕುಕ್ಕರ್‌ನಲ್ಲಿಟ್ಟು ತಣಿಸಿ ಆರು ಲೋಟಕ್ಕೆ ತುಂಬಿ, ಬ್ಲೀಚಿನಲ್ಲಿ ತೊಳೆದ ಅಲಸಂದೆ ಬೀಜ ಬಿತ್ತಿದೆ. ಮೂರಕ್ಕೆ ಆ ಚುಕ್ಕೆಯನ್ನು ಕಲಸಿದ ನೀರು, ಮೂರಕ್ಕೆ ಬರೀ ನೀರು. ಆರಕ್ಕೂ ಸಾರಜನಕವಿಲ್ಲದ ಲವಣದ ದ್ರಾವಣ. ಬಳಸಿದ ತಟ್ಟೆಗಳನ್ನು ಎಂದಿನಂತೆ ಕುಕ್ಕರ್‌ನಲ್ಲಿ ಬೇಯಿಸಿಯೇ ಹೊರಗೆ ಹಾಕಿದೆ. ನಾಲ್ಕು ವಾರದ ನಂತರ ಬರೀ ನೀರುಂಡ ಮೂರರ ಎಲೆ ಹಳದಿಯಾಗಿತ್ತು, ಬೇರು ನುಣುಪು. ಉಳಿದ ಮೂರನ್ನು ಕಿತ್ತು ಮರಳು ತೊಳೆದು, ಒಂದು ಗಂಟನ್ನು ಸೀಳಿದೆ. ಒಳಗೆ ಅದೇ ನಸುಗೆಂಪು.